ಇಲ್ಲದ ಮಗುವಿನ ಹೆಸರು

ಜನವರಿ ೧೮

ತಂಗೀ,

ನಿನ್ನ ಕ್ಷೇಮ ಕೇಳುತ್ತಿಲ್ಲ, ನನ್ನ ಕ್ಷೇಮ ಹೇಳುತ್ತಲೂ ಇಲ್ಲ. ನಿನ್ನೆಯಿಂದ ಫೋನ್ ಮೇಲೆ ಫೋನ್ ಮಾಡುತ್ತಿದ್ದೀಯ. ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಇಳಿಯುವುದು ನನಗೆ ಬೇಡ. ಅದಕ್ಕೇ ಈ ಕಾಗದ. ಎರಡು ಬಸ್ಸು ಬದಲಿಸಿದರೆ ಸಿಗುವ ತಂಗಿಗೆ ಅಂಚೆಯಲ್ಲಿ ಕಾಗದ ಹಾಕುವ ಹುಚ್ಚಿ ನಾನೊಬ್ಬಳೇ ಇರಬೇಕು, ಇರಲಿ.

ಶನಿವಾರ ಬೆಳಿಗ್ಗೆ ನಾನು ಬೇಕರಿಯ ಹಿಂದಿನ ಕೋಣೆಯಲ್ಲಿ ಕೇಕಿನ ಸ್ಪಂಜು ತಣಿಸುತ್ತಿದ್ದೆ. ಮುಂದೆ ಯಾರೋ ಬಂದು ಆರ್ಡರ್ ಕೊಟ್ಟು ಹೋದರು. ಮಾಲೀಕರು ಎಂದಿನಂತೆ ಚೀಟಿಯನ್ನು ತಂದು ನನ್ನ ಮೇಜಿನ ಮೇಲಿನ ಮೊಳೆಗೆ ಚುಚ್ಚಿದರು. ಎರಡು ಕಿಲೋ, ಬಿಳಿ ಕ್ರೀಮು, ಮೇಲೆ ಹಳದಿಯಲ್ಲಿ ಹೆಸರು. ಹೆಸರು ಓದಿದೆ. ನನ್ನ ಮೊದಲ ಯೋಚನೆ ಏನು ಗೊತ್ತೇ? ಅಯ್ಯೋ, ಈ ಪ್ರಪಂಚದಲ್ಲಿ ಇನ್ನೊಬ್ಬರಿಗೂ ಈ ಹೆಸರು ಹೊಳೆದಿದೆಯಲ್ಲ, ಆ ತಾಯಿ ಯಾರೋ ಪುಣ್ಯಾತ್ಗಿತ್ತಿ ಎಂದುಕೊಂಡೆ. ಆಮೇಲೆ ಕೆಳಗೆ ನಿನ್ನ ಗಂಡನ ಫೋನ್ ನಂಬರು ಕಂಡಿತು.

"ಹೆಸರು ಭಾನುವಾರವೇ ಹೇಳ್ತೀವಿ, ಅಲ್ಲೀವರೆಗೂ ಗುಟ್ಟು" ಅಂದಿದ್ದೆಯಲ್ಲ. ಚೆನ್ನಾಗಿತ್ತು ಗುಟ್ಟು.

ಆಗುವುದಿಲ್ಲ ಎನ್ನಬಹುದಿತ್ತು. ಮಾಲೀಕರು ಒಳ್ಳೆಯವರು, ಇನ್ನೊಬ್ಬರ ಕೈಲಿ ಬರೆಸುತ್ತಿದ್ದರು. ನಾನೇ ಕ್ರೀಮಿನ ಕೋನು ಹಿಡಿದೆ. ಹೊಸ ಹೆಸರು ಬಂದಾಗ ಎಂಥ ಕೈಯವರೂ ಒಂದು ಸಲ ಬಟರ್ ಪೇಪರಿನ ಮೇಲೆ ಬರೆದು ನೋಡುತ್ತಾರೆ. ನಾನು ನೋಡಲಿಲ್ಲ. ಒಂದೇ ಉಸಿರಿಗೆ ಬರೆದೆ, ಒಂದು ಅಕ್ಷರವೂ ಡೊಂಕಾಗಲಿಲ್ಲ. ಡೊಂಕಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಆ ಕೈ ಹೇಗೆ ಪಳಗಿತು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯಾದ ವರ್ಷದಿಂದ, ಸಂಜೆ ಕೆಲಸ ಮುಗಿದ ಮೇಲೆ, ಕೋನಿನಲ್ಲಿ ಉಳಿದ ಕ್ರೀಮಿನಿಂದ ಟ್ರೇಯ ಬೆನ್ನ ಮೇಲೆ ನಾನು ಬರೆಯುತ್ತಿದ್ದದ್ದು ಆ ಒಂದೇ ಹೆಸರು. ಬರೆದು, ನೋಡಿ, ತೊಳೆದು ಮನೆಗೆ ಹೋಗುತ್ತಿದ್ದೆ. ನೀನು ಕಾಲೇಜಿನಿಂದ ನೇರ ಬೇಕರಿಗೆ ಬಂದು ಕೂತಿರುತ್ತಿದ್ದೆ. ಒಂದು ದಿನ ಇದೇನಕ್ಕಾ ಎಂದು ಕೇಳಿದೆ. ನನ್ನ ಮಗಳು ಬಂದರೆ ಅವಳಿಗೆ ಇಡುವ ಹೆಸರು ಎಂದೆ. ನಿನ್ನ ಭಾವನಿಗೂ ಆಗ ಹೇಳಿರಲಿಲ್ಲ. ನೀನು ನಕ್ಕು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಬೆರಳಲ್ಲಿ ಬಳಿದು ಬಾಯಿಗೆ ಹಾಕಿಕೊಂಡೆ. ನಾನೂ ನಕ್ಕೆ. ಅವತ್ತೇ ತಿಳಿಯಬೇಕಿತ್ತು ನನಗೆ.

ಯಾಕೆ ಅದೇ ಹೆಸರು ಎಂದು ಮತ್ತೆ ಹೇಳಬೇಕೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನ್ನ ಹೆಸರಿನ ಗತಿ ನಿನಗೆ ಗೊತ್ತು. ಅಮ್ಮ ಬಸುರಿಯಾಗಿದ್ದಾಗ ನೋಡಿದ ಸಿನಿಮಾದ ನಾಯಕಿಯ ಹೆಸರು. ಆ ವರ್ಷ ಹುಟ್ಟಿದ ಅರ್ಧಕ್ಕರ್ಧ ಹೆಣ್ಣುಮಕ್ಕಳಿಗೆ ಅದೇ. ತರಗತಿಯಲ್ಲಿ ಐವರಿದ್ದೆವು, ಮೇಷ್ಟ್ರು ನನ್ನನ್ನು "ಮೂರನೆಯವಳೇ" ಎಂದೇ ಕರೆದರು, ಶಾಲೆ ಬಿಡುವವರೆಗೂ. ಹೆಸರುಗಳಿಗೂ ಕಾಲವಿದೆ, ನನ್ನ ಮೇಜಿನ ಮುಂದೆ ನಿಂತರೆ ತಿಳಿಯುತ್ತದೆ. ಈಗ ಮಕ್ಕಳ ಕೇಕುಗಳ ಮೇಲೆಲ್ಲ ಎರಡಕ್ಷರದ ಹೆಸರು. ನನ್ನ ಹೆಸರು ಬರುವುದು ನಲವತ್ತಾದವರ ಕೇಕಿನ ಮೇಲೆ ಮಾತ್ರ.

ನಾನು ಬರೆಯುತ್ತಿದ್ದ ಅಜ್ಜಿಯ ಹೆಸರು ಹಾಗಲ್ಲ. ಹಿಂದೆಯೂ ಯಾರಿಗೂ ಇರಲಿಲ್ಲ, ಮುಂದೆಯೂ ಇಲ್ಲ. ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ ಹುಟ್ಟಿದ ಮಗಳಿಗೆ ಅಜ್ಜಿಯ ಅಪ್ಪ ತಾನೇ ಕಟ್ಟಿ ಇಟ್ಟ ಹೆಸರು. ಕಾದು ಪಡೆದವಳು ಎಂದು ಅರ್ಥ. ಹನ್ನೆರಡು ವರ್ಷದಿಂದ ಕಾಯುತ್ತಿರುವವಳು ನಾನು. ಮದುವೆಯಾದ ವರ್ಷ ತುಂಬುವ ಮೊದಲೇ ಹೆತ್ತವಳು ನೀನು. ಕಾದು ಪಡೆದವಳಂತೆ! ನೀನು ಕಾದದ್ದು ಏನನ್ನು, ಬಸ್ಸನ್ನೇ?

ಮಗುವಿಗೆ ಇನ್ನೂ ತಿಂಗಳು. ಯಾವ ಹೆಸರೂ ಅದರ ಕಿವಿಗೆ ಹತ್ತಿಲ್ಲ. ಬದಲಾಯಿಸು. ನಾನು ನಿನ್ನನ್ನು ಬೇರೇನೂ ಕೇಳಿದವಳಲ್ಲ, ಇದೊಂದು ಕೇಳುತ್ತಿದ್ದೇನೆ. ಆ ಹೆಸರನ್ನು ಈ ಕಾಗದದಲ್ಲಿ ನಾನು ಬರೆಯುವುದಿಲ್ಲ. ಬರೆದು ಬರೆದು ಸಾಕಾಗಿದೆ.

ಬದಲಾಯಿಸುವವರೆಗೂ ನಿನಗೆ ಅಕ್ಕನಾಗಿ ಉಳಿಯುವುದು ನನ್ನಿಂದಾಗದು,
ಮೂರನೆಯವಳು


ಜನವರಿ ೩೦

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಮಗುವೂ ಚೆನ್ನಾಗಿದೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ನಿನ್ನ ಕಾಗದದಲ್ಲಿ ಟ್ರೇ ಇದೆ, ಕೋನು ಇದೆ, ಮೊಳೆ ಕೂಡ ಇದೆ, ಮಗುವಿನ ಮೂಗು ಯಾರಂತಿದೆ ಎಂಬ ಒಂದು ಮಾತಿಲ್ಲ. ಮೂಗು ನಿನ್ನಂತಿದೆ. ಅನುಭವಿಸು.

ಭಾನುವಾರ ಬಾಗಿಲ ಕಡೆ ನೋಡಿ ನೋಡಿ ನನ್ನ ಕತ್ತೇ ನೋಯಿತು. ಅಕ್ಕ ಬರಲಿ, ಅಕ್ಕನೇ ಕೇಕ್ ತಂದಿಡಲಿ ಎಂದು ಎಲ್ಲರನ್ನೂ ಕಾಯಿಸಿದೆ. ಬಂದದ್ದು ಡಬ್ಬಿ ಹೊತ್ತ ಆಟೋದವನು. ಬರವಣಿಗೆ ಎಷ್ಟು ಚಂದ ಎಂದು ಎಲ್ಲರೂ ಹೊಗಳಿದರು. ನನಗೆ ಹೆಸರಿನ ಮೇಲೆ ಚಾಕು ಹಾಕಲು ಮನಸ್ಸು ಬರಲಿಲ್ಲ. ಸುತ್ತ ಕೊಯ್ದು ಹಂಚಿದೆ. ಹೆಸರಿನ ತುಂಡು ಇನ್ನೂ ಫ್ರಿಜ್ಜಿನಲ್ಲಿದೆ.

ಮೊದಲೇ ಹೇಳಲಿಲ್ಲ, ನಿಜ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಹೇಳದೆ ಇಟ್ಟರೆ ಮಗುವಿನ ಮುಖ ನೋಡಿ ಕರಗುತ್ತೀಯ ಎಂದುಕೊಂಡಿದ್ದೆ. ಕರಗುವವಳು ನೀನಲ್ಲ ಎಂದು ಈಗ ಗೊತ್ತಾಯಿತು.

ಒಂದು ಮಾತು ಕೇಳುತ್ತೇನೆ. ಆ ಹೆಸರು ನಿನ್ನದು ಹೇಗಾಯಿತು? ಅಜ್ಜಿ ಇಬ್ಬರಿಗೂ ಅಜ್ಜಿ. ಅವಳು ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸಿದವಳು, ಬೆನ್ನಿಗೆ ಪುಡಿ ಹಾಕಿದವಳು, ಉಗುರು ಕತ್ತರಿಸಿದವಳು ನಾನು. ನಿನಗೆ ಆಗ ಸೀಸನ್ನು, ಕೇಕಿನ ಮೇಲೆ ಕೇಕು. ವಾರಕ್ಕೊಂದು ಸಲ ಬನ್ನು ಹಿಡಿದು ಬಂದು, ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದೆ. ನೀನು ಇಷ್ಟಪಟ್ಟದ್ದು ಅಜ್ಜಿಯ ಹೆಸರನ್ನು. ನಾನು ಇಷ್ಟಪಟ್ಟದ್ದು ಅಜ್ಜಿಯನ್ನು.

ಮಗು ಹುಟ್ಟಿದ ದಿನ ನರ್ಸ್ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. ಅದು ಹಣೆ ಸುಕ್ಕು ಮಾಡಿ ನನ್ನನ್ನು ಗದರಿಸುವ ಹಾಗೆ ನೋಡಿತು, ಥೇಟ್ ಅಜ್ಜಿ. ನನ್ನ ಬಾಯಿಂದ ಆ ಹೆಸರು ತಾನಾಗಿ ಬಂತು. ನಿನ್ನ ಟ್ರೇ, ನಿನ್ನ ಕ್ರೀಮು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ. ಮಾರನೆಯ ದಿನ ನೆನಪಾಯಿತು. ಆದರೂ ಬದಲಾಯಿಸಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಗುತ್ತಾರೆ ಜನ. ನೀನು ಹೊಲಿಸಿದ್ದಷ್ಟೇ ಅಲ್ಲ, ಹನ್ನೆರಡು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಚಳಿಯಲ್ಲಿ ಇನ್ನೊಂದು ಕೂಸು ಬಂದರೆ ಅದು ಬರಿದಲೆಯಲ್ಲಿ ಇರಬೇಕೇ? ಇರುವ ಮಗುವಿಗೆ ಹೆಸರು ಬೇಕು ಅಕ್ಕಾ. ಇಲ್ಲದ ಮಗುವಿಗೆ ಹೆಸರು ಯಾಕೆ?

ಬರೆದ ಮೇಲೆ ಇದು ಕಠಿಣವಾಯಿತೇನೋ ಅನ್ನಿಸಿತು. ಹೊಡೆದುಹಾಕುವುದಿಲ್ಲ. ನೀನೂ ಬಸ್ಸಿನ ಮಾತು ಹೊಡೆದುಹಾಕಲಿಲ್ಲ.

ನೀನು ಬೇಡವೆಂದರೂ ಹುಟ್ಟಿನಿಂದ ನಿನಗೆ ಅಂಟಿಕೊಂಡ
ತಂಗಿ


ಫೆಬ್ರವರಿ ೭

ಇಲ್ಲದ ಮಗು ಎಂದೆ. ಸರಿ.

ಕಳೆದ ಚಳಿಗಾಲದಲ್ಲಿ ನಿನ್ನಿಂದ ತಂದ ಸ್ವೆಟರು, ಕುಕ್ಕರು, ನೀನು ಓದಲು ಕೊಟ್ಟಿದ್ದ ಎರಡು ಪುಸ್ತಕ ಇದರ ಜೊತೆಗಿವೆ. ನಿನ್ನ ಭಾವ ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲಿ ನಿಮ್ಮ ಗೇಟಿಗೆ ನೇತುಹಾಕಿ ಹೋಗುತ್ತಾರೆ. ಅವರನ್ನು ಒಳಗೆ ಕರೆಯಬೇಡ, ಅವರು ಮೆತ್ತಗಿನವರು, ಬಂದುಬಿಡುತ್ತಾರೆ.

ಇನ್ನು ಬರೆಯುವುದಿಲ್ಲ.


ಏಪ್ರಿಲ್ ೨೨

ದೊಡ್ಡ ಮಗಳಿಗೆ ಅಮ್ಮ ಬರೆಯುವುದು,

ನಾನು ಇನ್ನೂ ನಿನ್ನ ತಂಗಿಯ ಮನೆಯಲ್ಲೇ ಇದ್ದೇನೆ. ಕಣ್ಣು ಮಂಜು, ಅಕ್ಷರ ಮೇಲೆ ಕೆಳಗೆ ಹೋಗಿದ್ದರೆ ಹೊಂದಿಸಿಕೊಂಡು ಓದು. ನೀವಿಬ್ಬರೂ ಕಾಗದದಲ್ಲಿ ಜಗಳವಾಡುತ್ತೀರಂತೆ, ನಾನೇನು ಬರೆಯಲು ಬಾರದವಳೇ?

ಒಂದು ಹೆಸರಿಗಾಗಿ ಮಾತು ಬಿಟ್ಟವರನ್ನು ನಾನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ನೀರಿಗಾಗಿ ಜಗಳವಾಡಿದವರನ್ನು ಕಂಡಿದ್ದೇನೆ, ಗೋಡೆಗಾಗಿ ಕಂಡಿದ್ದೇನೆ. ನಿಮ್ಮದು ಗಾಳಿಯಲ್ಲಿ ಹೋಗುವ ಶಬ್ದಕ್ಕೆ. ಇಲ್ಲಿಯ ಸ್ಥಿತಿ ಕೇಳು. ಆ ಹೆಸರಿಟ್ಟು ಮೂರು ತಿಂಗಳಾಯಿತು, ಮನೆಯಲ್ಲಿ ಒಬ್ಬರೂ ಅದನ್ನು ಉಚ್ಚರಿಸುವುದಿಲ್ಲ. ಅಳಿಯ ಒಂದು ಸಲ ಕರೆದರು, ಇವಳು ಸೆರಗು ಬಾಯಿಗಿಟ್ಟು ಅಡುಗೆ ಮನೆಗೆ ಹೋದಳು. ಅಂದಿನಿಂದ ಮಗುವಿಗೆ ಗುಬ್ಬಿ ಎನ್ನುತ್ತೇವೆ. ಹೆಸರಿನ ಕೇಕ್ ಫ್ರಿಜ್ಜಿನಲ್ಲಿ ಕಲ್ಲಾಗಿತ್ತು, ಹೋದ ವಾರ ನಾನೇ ತೆಗೆದು ಬಿಸಾಡಿದೆ. ಅದಕ್ಕೂ ನನ್ನ ಮೇಲೆ ಹರಿಹಾಯ್ದಳು.

ಈಗ ನಿನ್ನ ಸರದಿ. ನಿನ್ನ ಹೆಸರು ಎಲ್ಲರಿಗೂ ಇರುವಂಥದ್ದು ಎಂದು ನನ್ನ ಮೇಲೆ ನಿನಗೆ ಹುಟ್ಟಿದಂದಿನಿಂದ ಕೋಪ. ನಾನು ಆ ಸಿನಿಮಾವನ್ನು ನಿಮ್ಮಪ್ಪನ ಜೊತೆ ಮೂರು ಸಲ ನೋಡಿದೆ, ಮೂರು ಸಲವೂ ಅತ್ತೆ, ಹೆಸರಿಟ್ಟೆ. ನಮ್ಮ ಬೀದಿಯಲ್ಲೇ ನಾಲ್ಕು ಮಕ್ಕಳಿದ್ದವು ಆ ಹೆಸರಿನವು. ಊಟಕ್ಕೆ ಕರೆದರೆ ನಾಲ್ಕೂ ಓಡಿ ಬರುತ್ತಿದ್ದವು. ಒಂದು ದಿನ ಗಡಿಬಿಡಿಯಲ್ಲಿ ಪಕ್ಕದ ಮನೆಯ ಮಗುವಿಗೆ ತಲೆ ಬಾಚಿ, ಜಡೆ ಹಾಕಿ ಶಾಲೆಗೆ ಕಳಿಸಿದ್ದೇನೆ. ನೀನು ಕೆದರಿದ ತಲೆಯಲ್ಲಿ ಹೋದೆ. ಅದಕ್ಕೆ ಬೇಕಾದರೆ ಸಿಟ್ಟು ಮಾಡಿಕೋ, ಹೆಸರಿಗೆ ಬೇಡ. ಎಲ್ಲರಿಗೂ ಬೇಕಾದ ಹೆಸರು ನಿನಗಿರಲಿ ಎಂದು ಇಟ್ಟದ್ದೇ ಹೊರತು ನಿನ್ನನ್ನು ಗುಂಪಿನಲ್ಲಿ ಕಳೆದುಹಾಕಲು ಅಲ್ಲ.

ನಿಮ್ಮಜ್ಜಿಯ ಹೆಸರಿನ ಮಾತು. ನೀವಿಬ್ಬರೂ ಬಡಿದಾಡುತ್ತೀರಲ್ಲ, ಅದು ಆಕೆಗೆ ಹಿಡಿಸುತ್ತಿತ್ತೇ ಎಂದು ಒಬ್ಬರಾದರೂ ಕೇಳಿದಿರಾ? ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಎಷ್ಟು ಚಂದದ ಹೆಸರು ಅತ್ತೆ ಎಂದೆ. ಆಕೆ ಕೈಲಿದ್ದ ಸೌಟು ಕೆಳಗಿಟ್ಟು ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಹೆಸರಲ್ಲಮ್ಮ ಅದು, ನೊಗ. ಬಿದ್ದರೆ, ಅಷ್ಟು ಕಾದು ಪಡೆದಿದ್ದೀವಿ ಹುಷಾರಾಗಿರಬಾರದಾ ಅನ್ನೋರು. ಆಡೋಕೆ ಹೋದರೆ ಅದೇ ಮಾತು, ಓದ್ತೀನಿ ಅಂದರೆ ಅದೇ ಮಾತು. ಅವರು ಕಾದಿದ್ದಕ್ಕೆ ನಾನು ಜೀವನಪೂರ್ತಿ ಕೈಕಟ್ಟಿ ನಿಂತೆ." ಅದಕ್ಕೇ ಆಕೆ ತನ್ನ ಮಕ್ಕಳಿಗೆಲ್ಲ ದಾರಿಯಲ್ಲಿ ಹೋಗುವ ಹೆಸರಿಟ್ಟಳು. ನಿನ್ನ ಹೆಸರು ಹೇಳಿದಾಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಆಕೆಯೇ.

ಕಾಯುವುದು ದೊಡ್ಡವರ ಕಷ್ಟ ಮಗಳೇ. ನಿನ್ನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಇನ್ನು ಕೈ ನೋಯುತ್ತಿದೆ.

ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡುವ ಆಸೆಯಿರುವ,
ಅಮ್ಮ


ಜುಲೈ ೧೧

ಅಮ್ಮಾ,

ಇದನ್ನು ಚಿಕ್ಕವಳಿಗೆ ತೋರಿಸಬೇಡ. ತೋರಿಸುತ್ತೀಯ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಎರಡು ವರ್ಷದಿಂದ ನಾನೂ ಅವರೂ ದತ್ತು ಕೇಳಿಕೊಂಡು ಮಕ್ಕಳ ಮನೆಯ ಬಾಗಿಲಿಗೆ ತಿರುಗುತ್ತಿದ್ದ ವಿಷಯ ನಿನಗೊಬ್ಬಳಿಗೇ ಗೊತ್ತು. ಮೊನ್ನೆ ಕರೆ ಬಂತು. ಹೆಣ್ಣು ಮಗು, ಐದೂವರೆ ವರ್ಷ. ಮೇಲ್ವಿಚಾರಕಿ ನಮ್ಮನ್ನು ಕೂರಿಸಿ, ಮಗುವನ್ನು ಇನ್ನೂ ಕರೆಸುವ ಮೊದಲು, ಫೈಲು ಬಿಡಿಸಿ ಹೆಸರು ಓದಿದರು. ಓದಿ, ನನ್ನ ಮುಖ ನೋಡಿ ನಕ್ಕುಬಿಟ್ಟರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ.

ನೀನಿಟ್ಟ ಹೆಸರಮ್ಮ. ನನ್ನ ಹೆಸರು. ಈ ಕಾಲದಲ್ಲಿ ಒಂದು ಹುಡುಗಿಗೂ ಇಡದ ಹೆಸರು, ನನ್ನ ಮೇಜಿನ ಮೇಲೆ ಮಕ್ಕಳ ಕೇಕಿಗಾಗಿ ಒಂದು ಸಲವೂ ಬರದ ಹೆಸರು, ನನಗೆ ಸಿಗುವ ಒಂದೇ ಒಂದು ಮಗುವಿಗೆ!

ಹೇಗೆ ಬಂತು ಎಂದು ಸಿಟ್ಟಿನಲ್ಲೇ ಕೇಳಿದೆ. ಆ ಮನೆಯಲ್ಲಿ ಒಂದು ಪದ್ಧತಿಯಂತೆ. ಯಾರೂ ಇಲ್ಲದ ಕೂಸು ಬಂದರೆ, ಅದನ್ನು ಮೊದಲು ಎತ್ತಿಕೊಂಡವರು ತಮ್ಮ ಹೆಸರನ್ನೇ ಅದಕ್ಕೆ ಕೊಡಬೇಕು, ಹುಡುಗನಾದರೆ ತಮ್ಮ ಅಪ್ಪನದೋ ಅಣ್ಣನದೋ. ಮಗುವಿಗೆ ಏನೂ ಇಲ್ಲದಿದ್ದರೂ ಒಬ್ಬರು ಎತ್ತಿಕೊಂಡ ಗುರುತಾದರೂ ಇರಲಿ ಎಂದು ಯಾರೋ ಹಿರಿಯರು ಮಾಡಿದ ನೇಮ. ಈ ಮಗು ಬಂದ ಬೆಳಿಗ್ಗೆ ಬಾಗಿಲು ತೆಗೆದವಳು ಅಡುಗೆಯವಳು. ನನ್ನದೇ ವಯಸ್ಸಿನವಳಂತೆ. ಇನ್ನೇನು ಹೆಸರಿರುತ್ತದೆ ನನ್ನ ವಯಸ್ಸಿನವಳಿಗೆ? ಅವಳಮ್ಮನೂ ಅದೇ ಸಿನಿಮಾ ನೋಡಿರಬೇಕು. ಮಗು ಮಾತು ಕಲಿಯುವ ಮೊದಲೇ ಅವಳು ಕೆಲಸ ಬಿಟ್ಟು ಎಲ್ಲಿಗೋ ಹೊರಟುಹೋದಳಂತೆ.

ಮಗುವನ್ನು ನೋಡಿದೆ. ಮುಂದಿನ ಎರಡು ಹಲ್ಲಿಲ್ಲ. ಇವರ ಅಂಗಿಯ ಗುಂಡಿ ತಿರುಗಿಸುತ್ತಾ ನಿಂತಿತ್ತು. ಇವರು ಆಗಲೇ ಮಾರುಹೋದರು. ನಾನೂ ಹೋದೆ ಎಂದು ಹೇಳಿದರೆ ನೀನು ಅತ್ತುಬಿಡುತ್ತೀಯ, ಅದಕ್ಕೆ ಅದರ ವಿವರ ಬೇಡ.

ಹೆಸರು ಬದಲಾಯಿಸಬಹುದು, ಕಾಗದಪತ್ರದಲ್ಲಿ ಅವಕಾಶವಿದೆ ಎಂದರು. ಬದಲಾಯಿಸುತ್ತೇನೆ. ನಾನು ಯಾವ ಹೆಸರನ್ನು ಇಟ್ಟುಕೊಂಡು ಕಾದೆನೋ ಅದನ್ನೇ ಇಡುತ್ತೇನೆ. ಒಂದೇ ಮನೆತನದಲ್ಲಿ ಇಬ್ಬರಾಗುತ್ತಾರೆ ಎನ್ನುತ್ತೀಯ. ಆಗಲಿ. ನನ್ನ ತರಗತಿಯಲ್ಲಿ ಐವರಿರಲಿಲ್ಲವೇ? ಅಜ್ಜಿಗೆ ಹಿಡಿಸಿರಲಿಲ್ಲ ಎಂದು ಬರೆದಿದ್ದೆ. ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಆದರೆ ಅಜ್ಜಿಯನ್ನು ಕಾದವರು ಬೇರೆ, ನಾನು ಬೇರೆ. ನಾನು ನನ್ನ ಮಗಳನ್ನು ಕೈಕಟ್ಟಿ ನಿಲ್ಲಿಸುವುದಿಲ್ಲ.

ಒಂದು ವಿಷಯ ಎಲ್ಲರಿಗೂ ಹೇಳಿಬಿಡು. ಮಗು ಬಂದ ಮೇಲೆ ಅದರ ಮುಂದೆ ನನ್ನ ಹೆಸರನ್ನು ಯಾರೂ ಎತ್ತಕೂಡದು. ಇವರಿಗೂ ಹೇಳಿದ್ದೇನೆ. ಹಳೆಯ ಹೆಸರು ಅದರ ಕಿವಿಗೆ ಬೀಳದಿದ್ದರೆ ತಾನೇ ಹೊಸದು ಹತ್ತುವುದು.

ನಿನ್ನ ಮೇಲೂ ಆ ಸಿನಿಮಾದ ಮೇಲೂ ಸಿಟ್ಟಾಗಿರುವ,
ದೊಡ್ಡವಳು


ಆಗಸ್ಟ್ ೨

ಅಕ್ಕಾ,

ಅಮ್ಮ ತೋರಿಸಿದರು. ತೋರಿಸುವ ಮೊದಲು, ತೋರಿಸಬೇಡ ಎಂದಿದ್ದಾಳೆ ಎಂದು ಹೇಳಿಯೇ ತೋರಿಸಿದರು.

ಎರಡು ವರ್ಷ! ಎರಡು ವರ್ಷ ನೀನು ಆ ಬಾಗಿಲಿಗೆ ತಿರುಗಿದೆ, ನನಗೊಂದು ಮಾತು ಹೇಳಲಿಲ್ಲ. ನಾನು ಹೆಸರನ್ನು ಗುಟ್ಟಾಗಿಟ್ಟೆ ಎಂದು ಊರು ಒಂದು ಮಾಡಿದವಳು ನೀನು. ನೀನು ಮಗುವನ್ನೇ ಗುಟ್ಟಾಗಿಟ್ಟೆಯಲ್ಲ. ನನಗೆ ಗೊತ್ತಿದ್ದರೆ ಆ ಮಾತನ್ನು ಬರೆಯುತ್ತಿದ್ದೆನೇ? ಕೈ ಕಡಿದುಕೊಳ್ಳುತ್ತಿದ್ದೆ. ನನ್ನಿಂದ ಅಂಥ ಮಾತು ಬರೆಸಿದ್ದಕ್ಕೆ ನಿನ್ನ ಮೇಲೆ ನನಗಿರುವ ಸಿಟ್ಟು ನಿನಗೆ ನನ್ನ ಮೇಲಿರುವುದಕ್ಕಿಂತ ಒಂದು ಸೇರು ಹೆಚ್ಚೇ ಇದೆ.

ಒಂದೇ ಮನೆತನದಲ್ಲಿ ಇಬ್ಬರು ಬೇಡ. ತಗೋ ನಿನ್ನ ಹೆಸರು. ಗುಬ್ಬಿಯ ಕಿವಿಗೆ ಅದು ಇನ್ನೂ ಹತ್ತಿಯೇ ಇಲ್ಲ. ನಾನು ಅವಳ ಕಿವಿಯ ಹತ್ತಿರ ಬಾಯಿ ತೆಗೆದಾಗೆಲ್ಲ ನೀನು ಕೋನು ಹಿಡಿದು ಎದುರಿಗೆ ನಿಂತ ಹಾಗಾಗುತ್ತದೆ, ಗುಬ್ಬೀ ಎಂದುಬಿಡುತ್ತೇನೆ. ಕರೆಯಲಾಗದ ಹೆಸರು ಇಟ್ಟುಕೊಂಡು ಏನು ಮಾಡಲಿ? ನಾಳೆ ಕಚೇರಿಗೆ ಹೋಗಿ ತೆಗೆಸಿಹಾಕಲು ಅರ್ಜಿ ಕೊಡುತ್ತೇನೆ. ನನ್ನ ಮಗಳಿಗೆ ಬೀದಿಯಲ್ಲಿ ಮೊದಲು ಕೇಳಿಸಿದ ಹೆಸರು ಇಡುತ್ತೇನೆ.

ಇದನ್ನು ಪ್ರೀತಿಯಿಂದ ಕೊಡುತ್ತಿದ್ದೇನೆ ಎಂದುಕೊಳ್ಳಬೇಡ. ಎಸೆಯುತ್ತಿದ್ದೇನೆ. ಹಿಡಿದುಕೋ.

ಮಗುವಿನ ಅಳತೆ ಕಳಿಸು, ಫ್ರಾಕು ಹೊಲಿಯಬೇಕು.

ಕುಲಾವಿ ಹೊಲಿಯಲು ಬಾರದ
ತಂಗಿ


ಅಕ್ಟೋಬರ್ ೧೬

ತಂಗೀ,

ಅರ್ಜಿ ಕೊಟ್ಟಿದ್ದರೆ ವಾಪಸ್ ತಗೋ. ನಾಳೆಯೇ ಹೋಗು. ಯಾಕೆಂದು ಹೇಳುತ್ತೇನೆ, ಪೂರ್ತಿ ಓದು.

ಮಗು ಬಂದು ಎರಡು ತಿಂಗಳಾಯಿತು. ಬಂದ ದಿನದಿಂದ ಅಜ್ಜಿಯ ಹೆಸರಿನಲ್ಲೇ ಕರೆದೆ. ಊಟಕ್ಕೆ ಬಾ, ಇಲ್ಲ. ಸ್ನಾನಕ್ಕೆ ಬಾ, ಇಲ್ಲ. ಹಟವಲ್ಲ, ಕರೆಯುತ್ತಿರುವುದು ತನ್ನನ್ನು ಎಂದು ಅವಳಿಗೆ ಅನ್ನಿಸುವುದೇ ಇಲ್ಲ. ಬೇರೆ ಯಾರೋ ಬರುತ್ತಾರೆ ಎಂಬಂತೆ ಬಾಗಿಲ ಕಡೆ ನೋಡುತ್ತಾಳೆ. ಒಂದು ದಿನ ನಾನು ರೇಗಿ, ಇನ್ನು ಮೇಲೆ ಇದೇ ನಿನ್ನ ಹೆಸರು, ಹಳೆಯದನ್ನು ಮರೆತುಬಿಡು ಎಂದು ಜೋರು ಮಾಡಿದೆ. ಅವಳು ಅಳಲಿಲ್ಲ. "ಮರೆತರೆ ಅವರಿಗೆ ನಾನು ಹೇಗೆ ಗೊತ್ತಾಗೋದು?" ಅಂದಳು. ಯಾರಿಗೆ ಎಂದರೆ ಹೇಳಲಿಲ್ಲ. ಅವತ್ತು ರಾತ್ರಿ ಊಟದ ತಟ್ಟೆಯ ಮುಂದೆ, ಅಷ್ಟು ಕಾದು ನಿನ್ನನ್ನು ಕರೆತಂದಿದ್ದೇವೆ, ಒಂದು ಮಾತು ಕೇಳಬಾರದಾ ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ಅಮ್ಮನ ಕಾಗದ ನೆನಪಾಯಿತು. ಅಜ್ಜಿಯನ್ನು ಕಾದವರು ಬೇರೆ, ನಾನು ಬೇರೆ ಎಂದು ಜಂಬ ಕೊಚ್ಚಿ ಎಷ್ಟು ದಿನವಾಗಿತ್ತು?

ಹೋದ ಶನಿವಾರ ಇವರಿಗೆ ವರ್ಕ್‌ಶಾಪಿನಲ್ಲಿ ಕೆಲಸ, ಮಗುವನ್ನು ಬೇಕರಿಗೆ ಕರೆದುಕೊಂಡು ಹೋದೆ. ಮೊಟ್ಟೆಯ ಕ್ರೇಟು ಬೋರಲು ಹಾಕಿ ಕೂರಿಸಿದೆ. ಕೆಲಸ ಮುಗಿಯುವ ಹೊತ್ತಿಗೆ ಟ್ರೇ ತಿರುಗಿಸಿ, ಉಳಿದ ಕ್ರೀಮಿನಲ್ಲಿ ಅಜ್ಜಿಯ ಹೆಸರು ಬರೆದು, ನೋಡು ಇದು ನೀನು ಎಂದೆ. ನಿನ್ನ ಹಾಗೆ ಬೆರಳಲ್ಲಿ ಬಳಿದು ತಿನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. ಅದು ಇನ್ನೊಬ್ಬರದು, ಅವರು ಬಂದರೆ ಬೈಯುತ್ತಾರೆ ಅಂದಳು.

ಅಷ್ಟು ಹೊತ್ತಿಗೆ ಮುಂದಿನಿಂದ ಮಾಲೀಕರು ನನ್ನ ಹೆಸರು ಹಿಡಿದು ಕೂಗಿದರು. ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದೆ, ಅವರಿಗೆ ಹೇಳಲು ಮರೆತಿದ್ದೆ. ನಾನು ಹೂಂ ಎಂದೆ. ಮಗು ಕ್ರೇಟಿನಿಂದ ಜಾರಿ ಇಳಿದು, ಬಂದೆ ಎಂದಿತು. ಎರಡು ತಿಂಗಳಲ್ಲಿ ಒಂದು ಕರೆಗೆ ಅವಳು ಓಗೊಟ್ಟದ್ದು ಅದೇ ಮೊದಲು.

ಅವರು ಕರೆದದ್ದು ನನ್ನನ್ನು ಎಂದೆ.

"ಅಲ್ಲ, ನನ್ನ. ಅದು ನನ್ನ ಹೆಸರು."

"ನನ್ನದೂ ಅದೇ ಕಣೇ."

ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅದುವರೆಗೂ ನನ್ನನ್ನು ಹಾಗೆ ನೋಡಿರಲಿಲ್ಲ.

"ಹಾಗಾದ್ರೆ ನನ್ನ ಮೊದಲು ಎತ್ಕೊಂಡಿದ್ದು ನೀನೇನಾ?"

ಆಗ ಅರ್ಥವಾಯಿತು ನನಗೆ. ಆ ಮನೆಯಲ್ಲಿ ಅವಳಿಗೆ ಹೇಳಿದ್ದರು, ನಿನ್ನನ್ನು ಎತ್ತಿಕೊಂಡವರ ಹೆಸರೇ ನಿನ್ನ ಹೆಸರು ಎಂದು. ಅವರು ಯಾರು, ಹೇಗಿದ್ದಾರೆ, ಅವಳಿಗೆ ಗೊತ್ತಿಲ್ಲ. ಬಂದ ಹೆಂಗಸರನ್ನೆಲ್ಲ ನಿಮ್ಮ ಹೆಸರೇನು ಎಂದು ಕೇಳುತ್ತಿದ್ದಳಂತೆ. ನನ್ನನ್ನೂ ಮೊದಲ ದಿನ ಕೇಳಿದ್ದಳು, ಅಮ್ಮ ಅನ್ನು ಸಾಕು ಎಂದು ಹಾರಿಸಿದ್ದೆ. ಆ ಹೆಸರಿನವರೊಬ್ಬರು ಬಂದೇ ಬರುತ್ತಾರೆ, ಬಂದು ಕರೆಯುತ್ತಾರೆ ಎಂದು ಅವಳೂ ಕಾಯುತ್ತಿದ್ದಳು. ನಾನು ಅದನ್ನೇ ಕಿತ್ತುಕೊಳ್ಳಲು ಕೂತಿದ್ದೆ.

ಅಲ್ಲ ಎನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಮೈಯೆಲ್ಲ ಕ್ರೀಮು, ಆದರೂ ಎತ್ತಿಕೊಂಡೆ. ಏನು ಭಾರ ಗೊತ್ತೇ? ಐದೂವರೆ ವರ್ಷದ ಮಗುವನ್ನು ಯಾರೂ ಹೊಸದಾಗಿ ಎತ್ತಿಕೊಳ್ಳುವುದಿಲ್ಲ. ಎಲ್ಲರೂ ಮೂರು ಕಿಲೋದಿಂದ ಶುರುಮಾಡಿ ಅಭ್ಯಾಸ ಮಾಡಿಕೊಂಡಿರುತ್ತಾರೆ. ಕುತ್ತಿಗೆ ತಬ್ಬಿ, ಕಿವಿಯಲ್ಲಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು.

ಎಲ್ಲಿಗೂ ಹೋಗಿರಲಿಲ್ಲ ಕಣೇ. ಅದೇ ಮೇಜಿನ ಮುಂದೆ ನಿಂತು ಬೇರೆ ಹೆಸರು ಬರೆಯುತ್ತಿದ್ದೆ.

ಮನೆಗೆ ಬಂದ ಮೇಲೆ ನಿಜ ಹೇಳಿದೆ. ಅವರು ಬೇರೆ, ನಾನು ಬೇರೆ, ಹೆಸರು ಮಾತ್ರ ಒಂದೇ, ಆ ಹೆಸರಿನವರು ಊರ ತುಂಬ ಇದ್ದಾರೆ ಎಂದೆ. ಊರ ತುಂಬ ಎಂದದ್ದಕ್ಕೆ ಬೇಜಾರಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು. ಅಷ್ಟೊಂದು ಜನ ಇದ್ದಾರಾ ಎಂದು ಎರಡು ಸಲ ಕೇಳಿದಳು. ಈಗ ನಮ್ಮ ಮನೆಯಲ್ಲಿ ಇವರು ಒಂದು ಸಲ ಕರೆದರೆ ಇಬ್ಬರು ಓಡುತ್ತೇವೆ. ಅಮ್ಮನಿಗೆ ಹೇಳು, ಆ ಸಿನಿಮಾದ ಮೇಲಿನ ಸಿಟ್ಟು ಬಿಟ್ಟಿದ್ದೇನೆ ಎಂದು. ಪಕ್ಕದ ಮನೆಯ ಹುಡುಗಿಗೆ ಜಡೆ ಹಾಕಿದ್ದನ್ನು ಬಿಡುವುದಿಲ್ಲ.

ಅಜ್ಜಿಯ ಹೆಸರು ಗುಬ್ಬಿಗೇ ಇರಲಿ. ನೀನು ಎಸೆದೆ, ನಾನು ತಿರುಗಿ ಎಸೆಯುತ್ತಿದ್ದೇನೆ. ಬಾಯಿತುಂಬ ಕರೆ. ಅವಳು ಬಿದ್ದಾಗ, ಓಡಿಹೋದಾಗ ಅದರ ಅರ್ಥ ಹೇಳಿ ಕಟ್ಟಿಹಾಕಿದರೆ ಮಾತ್ರ ನಾನು ಬಂದು ನಿನ್ನ ಕಿವಿ ಹಿಂಡುತ್ತೇನೆ. ಡಿಸೆಂಬರಿನಲ್ಲಿ ಅವಳಿಗೆ ವರ್ಷ ತುಂಬುತ್ತದಲ್ಲ, ಚೀಟಿ ಕಳಿಸು. ಈ ಸಲ ಬಟರ್ ಪೇಪರಿನ ಮೇಲೆ ಒಂದು ಸಲ ಬರೆದು ನೋಡಬೇಕು, ಕೈ ತಪ್ಪಿದೆ. ಕೇಕ್ ನಾವೇ ತರುತ್ತೇವೆ. ಹೆಸರಿನ ಮೇಲೆಯೇ ಚಾಕು ಹಾಕಬೇಕು, ಸುತ್ತ ಕೊಯ್ಯುವ ನಾಟಕ ಬೇಡ. ಫ್ರಾಕಿನ ಅಳತೆ ಹಿಂದಿನ ಹಾಳೆಯಲ್ಲಿದೆ.

ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಮಾತ್ರ ತಿಳಿಯಬೇಡ. ಒಂದು ಮಾತು ಬರೆದಿದ್ದೆಯಲ್ಲ, ಇಲ್ಲದ ಮಗುವಿಗೆ ಹೆಸರು ಯಾಕೆ ಎಂದು. ಅವತ್ತಿನಿಂದ ನನಗೆ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ, ಈಗ ಸಿಕ್ಕಿದೆ. ನೀನು ಅದನ್ನು ಬರೆದ ದಿನ ಅವಳು ಇದ್ದಳು. ಐದು ವರ್ಷದವಳಾಗಿದ್ದಳು, ಹಲ್ಲು ಅಲ್ಲಾಡುತ್ತಿತ್ತು, ಬಂದವರನ್ನೆಲ್ಲ ನನ್ನ ಹೆಸರು ಹೇಳಿ ಕೇಳುತ್ತಿದ್ದಳು.

ನಿನ್ನ ಅಕ್ಕ,
ಮತ್ತು ಪಕ್ಕದಲ್ಲಿ ಕೂತು ತನ್ನ ಹೆಸರನ್ನೂ ಇಲ್ಲೇ ಬರೆಯಬೇಕೆಂದು ಪೆನ್ನು ಎಳೆಯುತ್ತಿರುವ ಇನ್ನೊಬ್ಬಳು